ತಾಯಿ ಕೂರುವ ಸ್ಟೂಲು

ನನ್ನ ವಾರಗಿತ್ತಿ ಏನು ಕೆಲಸ ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ನಮ್ಮ ಅತ್ತೆ, "ಜ್ವರ ಬಂದ ಮಕ್ಕಳನ್ನು ಚಿವುಟಿ ಸಂಬಳ ತಗೊಳ್ತಾಳೆ" ಅನ್ನುತ್ತಿದ್ದರು. ಹೇಳಿ ಮುಗಿಸಿ ಒಂದು ನಗು. ಆ ನಗುವಿನ ತುಂಬ ಹೆಮ್ಮೆ. ಆ ಮನೆಗೆ ಅವಳಿಗಿಂತ ಎಷ್ಟೋ ವರ್ಷ ಮೊದಲು ಬಂದ ಹಿರಿಸೊಸೆ ನಾನು. ನನ್ನ ಕೆಲಸದ ಬಗ್ಗೆ ಅತ್ತೆ ಯಾರ ಮುಂದೆಯೂ ತಮಾಷೆ ಮಾಡಿದ್ದಿಲ್ಲ. ಕೇಳುವವರೇ ಇರಲಿಲ್ಲ, ಇನ್ನು ತಮಾಷೆ ಎಲ್ಲಿಂದ ಬರಬೇಕು?

ಅವಳು ನಮ್ಮೂರ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಮೆದುಳು ಜ್ವರದ ಮಕ್ಕಳನ್ನು ಮಲಗಿಸುವ ಕೋಣೆ ಅವಳ ಪಾಲಿಗೆ ಬಂದಿತ್ತು. ಆ ಜ್ವರದ ಮಗು ಕಣ್ಣು ಮುಚ್ಚಿ ಮಲಗಿದ್ದರೆ ಅದು ನಿದ್ದೆಯೋ, ಮಂಪರೋ, ಎಚ್ಚರ ತಪ್ಪಿ ಕೈಮೀರಿ ಹೋಗುತ್ತಿರುವುದೋ ನಮ್ಮನಿಮ್ಮಂಥವರಿಗೆ ತಿಳಿಯುವುದಿಲ್ಲ. ಅದನ್ನು ಕಂಡುಹಿಡಿಯುವುದೇ ಅವಳ ಕೆಲಸ. ಮಂಚದಿಂದ ಮಂಚಕ್ಕೆ ಹೋಗಿ ಮೊದಲು ಮಗುವನ್ನು ಕರೆಯುವಳು. ಏಳದಿದ್ದರೆ ಬೆರಳ ಗೆಣ್ಣನ್ನು ಎದೆಯ ಮೂಳೆಯ ಮೇಲಿಟ್ಟು ಒತ್ತುವಳು, ಇಲ್ಲವೇ ಉಗುರಿನ ಬುಡಕ್ಕೆ ಪೆನ್ಸಿಲ್ ಅಡ್ಡ ಇಟ್ಟು ಅದುಮುವಳು. ಮಗು ಆ ಕೈಯನ್ನು ಹುಡುಕಿಕೊಂಡು ಬಂದು ತಳ್ಳುತ್ತದೋ, ಬರೀ ತನ್ನ ಕೈ ಎಳೆದುಕೊಳ್ಳುತ್ತದೋ, ಕೊರಡಿನ ಹಾಗೆ ಬಿದ್ದಿರುತ್ತದೋ? ಗಟ್ಟಿಯಾಗಿ ಅಳುತ್ತದೋ, ನರಳುತ್ತದೋ, ಅದೂ ಇಲ್ಲವೋ? ಕೊನೆಗೆ ತಾಯಿಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಮುಖವನ್ನು ಮಗುವಿನ ಎದುರಿಗೆ ತಂದು ಆಚೆ ಈಚೆ ಸರಿಸಲು ಹೇಳುವಳು. ಮಗುವಿನ ಕಣ್ಣು ತಾಯಿಯ ಮುಖದ ಹಿಂದೆ ಹೋಗಬೇಕು. ಇದಕ್ಕೆಲ್ಲ ಅಂಕ ಕೊಡುತ್ತಿದ್ದರು, ಶಾಲೆಯ ಪರೀಕ್ಷೆಯ ಹಾಗೆ.

"ಬಾವಿಗೆ ಬಿದ್ದ ಕೊಡ ಎಷ್ಟು ಆಳದಲ್ಲಿದೆ ಅಂತ ಹಗ್ಗ ಬಿಟ್ಟು ನೋಡ್ತೀವಲ್ಲ ಅಕ್ಕ, ಹಾಗೇ ಇದೂ" ಅಂತ ನನಗೆ ಬಿಡಿಸಿ ಹೇಳಿದ್ದಳು.

ಒಂದು ಮಧ್ಯಾಹ್ನ ಊಟ ಮುಗಿಸಿ ನನ್ನ ಮೈದುನ, ಅಂದರೆ ಅವಳ ಗಂಡ, ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಬಸ್ಸು ರಿಪೇರಿ ಮಾಡುವವನು, ಕೂತಲ್ಲಿ ನಿದ್ದೆ. ಅವಳು ನಮಗೆಲ್ಲ ಕಣ್ಣು ಮಿಟುಕಿಸಿ, ಹತ್ತಿರ ಹೋಗಿ, ಗೆಣ್ಣನ್ನು ಅವನ ಎದೆಗೆ ಕೊಟ್ಟು ಒತ್ತಿದಳು ನೋಡಿ! ಅವನು ಅವಳ ಕೈ ಹಿಡಿದು ಎಸೆದು, "ಯಾವನೋ ಅವನು!" ಅಂತ ಎದ್ದೇ ನಿಂತ.

"ಅಯ್ಯೋ, ನನ್ನ ಮಗನ ಎದೆಗೂಡು ಮುರಿದುಬಿಟ್ಟೆಯಲ್ಲೇ!" ಅಂದರು ಅತ್ತೆ.

"ಕೈ ತಳ್ಳಿದರು, ಬೈದರು, ಕಣ್ಣು ಕೆಂಪಗೆ ಮಾಡ್ಕೊಂಡು ನನ್ನನ್ನೇ ನೋಡಿದರು. ಪೂರ್ತಿ ಅಂಕ ಅತ್ತೆ. ನಿಮ್ಮ ಮಗ ಹುಟ್ಟಿದ ಮೇಲೆ ಇದೇ ಮೊದಲನೇ ಸಲ ಪಾಸಾಗಿದ್ದು!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ತಟ್ಟೆ ಎತ್ತುತ್ತಾ. ಅವಳು ಬರುವ ಮುಂಚೆ ಆ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಯಾರನ್ನೂ ನಗಿಸಿದ್ದು ನನಗೆ ನೆನಪಿಲ್ಲ.

ಹೊಟ್ಟೆಕಿಚ್ಚು ಅನ್ನುವುದು ದೊಡ್ಡ ದೊಡ್ಡ ವಿಷಯಕ್ಕೆ ಬರುವುದಿಲ್ಲ. ಅವಳ ಸಂಬಳಕ್ಕೆ ನನಗೆ ಏನೂ ಅನ್ನಿಸಿದ್ದಿಲ್ಲ. ಅನ್ನಿಸುತ್ತಿದ್ದದ್ದು ಅವಳು ಬೆಳಿಗ್ಗೆ ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, "ಬರ್ತೀನಿ" ಅಂತ ಬಾಗಿಲು ದಾಟುತ್ತಿದ್ದಳಲ್ಲ, ಅದಕ್ಕೆ. ಎದೆಯ ಮೇಲೆ ತಲೆಕೆಳಗಾಗಿ ತೂಗುವ ಪುಟ್ಟ ಗಡಿಯಾರಕ್ಕೆ. ಸಂಜೆ ಬಂದ ಕೂಡಲೇ "ಊಟ ಮಾಡಿದ್ಯಾ? ಮುಖ ಬಾಡಿದೆ" ಅಂತ ಅತ್ತೆ ಕೇಳುತ್ತಿದ್ದ ದನಿಗೆ. ಮರ ಕೊಯ್ಯುವ ಕಾರ್ಖಾನೆಯ ಹೊಟ್ಟು ಕುಡಿದು ಕೆಮ್ಮುತ್ತಿದ್ದ ನನ್ನ ಗಂಡನಿಗೆ ನಾನು ಬಿಸಿನೀರು ಕುಡಿಯಿರಿ ಅಂತ ಬಾಯಿ ನೋಯುವಷ್ಟು ಹೇಳಿದ್ದೆ. ಕಿವಿಗೆ ಬೀಳಲಿಲ್ಲ. ಇವಳು ಒಂದು ಸಲ "ಬಿಸಿನೀರು ಕುಡೀರಿ ಭಾವ" ಅಂದಳು. ಅವರು ಹಂಡೆಗಟ್ಟಲೆ ಕುಡಿದರು.

ಆಮೇಲೆ ಅವಳಿಗೆ ಹೆಣ್ಣುಮಗು ಆಯಿತು. ಆಗ ತಕ್ಕಡಿ ನನ್ನ ಕಡೆ ವಾಲಿತು.

ನನಗಿದ್ದವರು ಇಬ್ಬರು ಗಂಡುಮಕ್ಕಳು. ಮೀಸೆ ಚಿಗುರುವ ವಯಸ್ಸು, ಹಸಿವಾದಾಗ ಮಾತ್ರ ಅಮ್ಮನ ನೆನಪು. ಖಾಲಿಯಾಗಿದ್ದ ನನ್ನ ತೊಡೆಗೆ ಈ ಮಗು ಬಂತು. ರಜೆ ಮುಗಿಸಿ ತಾಯಿ ಕೆಲಸಕ್ಕೆ ಹೋದ ದಿನದಿಂದ ಅದರ ಹಾಲು, ಸ್ನಾನ, ನಿದ್ದೆ ಎಲ್ಲ ನನ್ನದೇ. ಮಾತು ಬಂದ ಮೇಲಂತೂ ಬಾಯಿ ಮುಚ್ಚುತ್ತಿರಲಿಲ್ಲ, ಅದಕ್ಕೇ ಚಿನಕುರಳಿ ಅಂತ ಹೆಸರಾಯಿತು. ನನ್ನನ್ನು ದೊಡ್ಡಮ್ಮ ಅನ್ನಲು ಬಾರದೆ "ದೊಮ್ಮ" ಅನ್ನುತ್ತಿತ್ತು. ಮಲಗುವುದೂ ನನ್ನ ಪಕ್ಕ. ತಾಯಿ ಬಿಳಿ ಬಟ್ಟೆ ತೊಟ್ಟರೆ ಸಾಕು, ಹೊರಟಳು ಅಂತ ಗೊತ್ತಾಗಿ ಮುಖ ಆ ಕಡೆ ತಿರುಗಿಸಿಬಿಡುತ್ತಿತ್ತು. ಎತ್ತಿಕೊಳ್ಳಲು ಬಂದರೂ ಒಲ್ಲೆ.

"ಅಕ್ಕ, ಇವತ್ತು ನಾನೇ ಸ್ನಾನ ಮಾಡಿಸ್ತೀನಿ" ಅಂತ ಒಂದು ರಜೆಯ ದಿನ ಬಚ್ಚಲಿಗೆ ಕರೆದುಕೊಂಡು ಹೋದಳು. ಕೊಲೆ ಮಾಡುತ್ತಿದ್ದಾರೇನೋ ಅನ್ನುವ ಹಾಗೆ ಕಿರುಚಾಟ. ಕೊನೆಗೆ ಒದ್ದೆ ಮಗುವನ್ನು ಹಾಗೇ ತಂದು ನನ್ನ ಕೈಗೆ ಕೊಟ್ಟಳು.

"ಏನು ಮಂಕುಬೂದಿ ಎರಚಿದ್ದೀರಿ ಇವಳಿಗೆ?" ಅಂದಳು. ನಗುತ್ತಲೇ ಅಂದಳು. ತುಟಿ ಮಾತ್ರ ನಗುತ್ತಿತ್ತು.

"ನಾನ್ಯಾಕೆ ಎರಚಲಿ? ಮನೇಲಿರ್ತೀನಿ, ಅಷ್ಟೆ" ಅಂದೆ. ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಅವಳು ಒದ್ದೆ ನೆಲ ಒರೆಸಲು ಹೋದಳು.

ಮಗುವಿಗೆ ಎರಡು ತುಂಬಿ ಸ್ವಲ್ಪ ಕಾಲವಾಗಿತ್ತು. ಒಂದು ದಿನ ಜ್ವರ ಬಂತು, ಕುಡಿದ ಹಾಲೆಲ್ಲ ಕಕ್ಕಿತು. ಬೆಳಕಿಗೆ ಕಣ್ಣು ಬಿಡಲೊಲ್ಲದು. ಎತ್ತಿಕೊಂಡರೂ ಅಳು, ಕೆಳಗಿಟ್ಟರೂ ಅಳು. ಬಿಸಿಲಿಗೆ ಹೀಗಾಗಿದೆ ಅಂತ ನಾನು, ಹಲ್ಲು ಬರುತ್ತಿರಬೇಕು ಅಂತ ಅತ್ತೆ. ಅಷ್ಟರಲ್ಲಿ ಅವಳು ಕೆಲಸ ಮುಗಿಸಿ ಬಂದಳು. ಚೀಲ ಇನ್ನೂ ಹೆಗಲ ಮೇಲೇ ಇತ್ತು. ಮಗುವಿನ ತಲೆಯ ಕೆಳಗೆ ಕೈ ಕೊಟ್ಟು ಕತ್ತು ಬಗ್ಗಿಸಲು ನೋಡಿದಳು. ಕತ್ತು ಬಗ್ಗಲಿಲ್ಲ, ಬದಲಿಗೆ ಬೆನ್ನೇ ಮೇಲೆದ್ದಿತು. ಮೆದುಳು ಜ್ವರದ ಗುರುತು ಅದು, ಅವಳ ಮುಖದ ಬಣ್ಣ ಹೋಯಿತು.

"ಕೊಡಿ" ಅಂದಳು. ಕಿತ್ತುಕೊಂಡಳು ಅಂತಲೇ ಹೇಳಬೇಕು. ಬಾಗಿಲು ದಾಟುವಾಗ ಮಗು ಅವಳ ಹೆಗಲ ಮೇಲಿಂದ ನನ್ನ ಕಡೆ ಕೈ ಚಾಚಿ "ದೊಮ್ಮಾ" ಅಂದಿತು. ಆಮೇಲೆ ಎಷ್ಟೋ ದಿನ ಅದರ ಬಾಯಿಂದ ಮಾತು ಬರಲಿಲ್ಲ.

ನಾವೆಲ್ಲ ಹಿಂದೆಯೇ ಆಸ್ಪತ್ರೆಗೆ ಓಡಿದೆವು. ಬೆನ್ನಿನಿಂದ ನೀರು ತೆಗೆದರು, ಸೂಜಿ ಚುಚ್ಚಿದರು, ಬಾಟಲಿ ಏರಿಸಿದರು. ಆ ಕೋಣೆಯ ಒಳಗೆ ಮಗುವಿನ ಜೊತೆ ಒಬ್ಬರಿಗೆ ಮಾತ್ರ ಜಾಗ, ಅದು ತಾಯಿಗೆ. ಗೋಡೆಗೆ ಅರ್ಧದಷ್ಟು ಗಾಜು ಹಾಕಿದ್ದರು. ಉಳಿದವರು ಹೊರಗೆ ನಿಂತು ಗಾಜಿನಲ್ಲಿ ನೋಡಬೇಕು. ಎಷ್ಟು ಮಂದಿ ತಾಯಂದಿರನ್ನು ಇವಳು ಆ ಸ್ಟೂಲಿನ ಮೇಲೆ ಕೂರಿಸಿ, "ಅಳಬೇಡಮ್ಮ, ಕಣ್ಣೀರಿದ್ದರೆ ನಿನ್ನ ಮುಖ ಮಗೂಗೆ ಹೇಗೆ ಕಾಣ್ಬೇಕು?" ಅಂತ ಗದರಿಸಿದ್ದಳೋ! ಈಗ ಅದೇ ಸ್ಟೂಲಿನ ಮೇಲೆ ತಾನೇ ಕೂತಿದ್ದಳು. ಅಂಕ ಕೊಡುವವಳು ಅವಳ ಜೊತೆಯ ನರ್ಸು. ಅವಳು ಹೊತ್ತಿಗೆ ಸರಿಯಾಗಿ ಮಂಚದ ಹತ್ತಿರ ಬಂದು ನಿಲ್ಲುತ್ತಿದ್ದಳು, ಅದಕ್ಕೆ ಎಲ್ಲರೂ ಅವಳನ್ನು ಗಡಿಯಾರ ಅನ್ನುತ್ತಿದ್ದರು.

ಮಾರನೆಯ ದಿನ ಮಗು ಇನ್ನೂ ಆಳಕ್ಕೆ ಇಳಿಯಿತು. ಗೆಣ್ಣು ಒತ್ತಿದರೆ ಕೈ ತಳ್ಳಲಿಲ್ಲ, ಉಗುರು ಅದುಮಿದರೆ ಬೆರಳು ಎಳೆದುಕೊಂಡಿತು ಅಷ್ಟೆ. ಅಳಲಿಲ್ಲ, ನರಳಿತು. ಮಕ್ಕಳ ಡಾಕ್ಟರು ಬಾಗಿಲಿಗೆ ಬಂದು ನಮ್ಮೆಲ್ಲರಿಗೂ ಕೇಳುವ ಹಾಗೆ ಹೇಳಿದರು. ಒಳ್ಳೆಯ ಮನುಷ್ಯ, ಮಾತು ಮುಚ್ಚಿಡುತ್ತಿರಲಿಲ್ಲ.

"ಉಳಿದಿರೋದು ಕಣ್ಣು ಒಂದೇ. ತಾಯಿ ಮುಖ ಹಿಂಬಾಲಿಸಿದರೆ ಇಲ್ಲೇ ಇಟ್ಕೊಂಡು ಔಷಧಿ ಮುಂದುವರಿಸ್ತೀನಿ. ಹಿಂಬಾಲಿಸದೇ ಇದ್ದರೆ ಇನ್ನೂ ಆಳಕ್ಕೆ ಹೋಗ್ತಿದೆ ಅಂತ ಅರ್ಥ. ಆಗ ಗಂಟಲಿಗೆ ಕೊಳವೆ ಹಾಕಿ ನಗರದ ಆಸ್ಪತ್ರೆಗೆ ಕಳಿಸಲೇಬೇಕು, ಉಸಿರಾಡಿಸೋ ಯಂತ್ರ ಇಲ್ಲಿಲ್ಲ. ದಾರಿ ದೂರ. ಈ ಸ್ಥಿತೀಲಿ ಮಗೂನ ಅಲುಗಾಡಿಸೋದೂ ಅಪಾಯವೇ."

ದಾರಿಯಲ್ಲೇ ಹೋದ ಮಕ್ಕಳ ಕಥೆ ಇವಳೇ ಎಷ್ಟೋ ಸಲ ಮನೆಯಲ್ಲಿ ಹೇಳಿದ್ದಳು. ಅತ್ತೆ ಗೋಡೆ ಹಿಡಿದು ಕೂತುಬಿಟ್ಟರು.

ಗಾಜಿನ ಆಚೆ ಅವಳು ಮುಖವನ್ನು ಮಗುವಿನ ಎದುರಿಗೆ ತಂದಳು. ನಿಧಾನಕ್ಕೆ ಕಿಟಕಿಯ ಕಡೆ ಸರಿದಳು. ಮಗುವಿನ ಕಣ್ಣು ಅರ್ಧ ತೆರೆದಿತ್ತು. ಎರಡು ಗಾಜಿನ ಗೋಲಿ ಇಟ್ಟ ಹಾಗೆ ಇತ್ತು. ಅಲುಗಲಿಲ್ಲ.

"ಬಿಳಿ ಬಟ್ಟೆ ನೋಡಿ ಹೀಗ್ಮಾಡ್ತಾಳೆ. ಮನೇಲೂ ಹೀಗೇ" ಅಂತ ಹೊರಗೆ ಬಂದು ಯಾರಿಗೂ ಅಲ್ಲದ ಹಾಗೆ ಹೇಳಿ, ಅತ್ತೆ ತಂದಿದ್ದ ಮನೆಯ ಬಟ್ಟೆ ತೊಟ್ಟುಕೊಂಡು, ಕಟ್ಟಿದ ಕೂದಲು ಬಿಚ್ಚಿಕೊಂಡು ಮತ್ತೆ ಹೋಗಿ ಕೂತಳು. ಮತ್ತೆ ಈ ಕಡೆ, ಆ ಕಡೆ. ಗೋಲಿ ಗೋಲಿಯಾಗಿಯೇ ಇತ್ತು.

ಆಗ ಅವಳು ತಲೆ ಎತ್ತಿ ಗಾಜಿನೊಳಗಿಂದ ನನ್ನನ್ನು ನೋಡಿದಳು. ನಾನೂ ನೋಡಿದೆ. ಅವಳ ತಲೆಯಲ್ಲಿ ಇದ್ದದ್ದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತು ಅಂತ ಅವಳಿಗೂ ಗೊತ್ತಾಯಿತು. ತಟಕ್ಕನೆ ಮುಖ ತಿರುಗಿಸಿ ಮತ್ತೆ ಮಗುವಿನ ಮೇಲೆ ಬಾಗಿದಳು.

ಅತ್ತೆ ನನ್ನ ಪಕ್ಕೆಗೆ ತಿವಿದರು. "ನೀನು ಹೋಗೇ."

"ಕರೀದೇ ಹೇಗೆ ಹೋಗಲಿ ಅತ್ತೆ? ತಾಯಿ ಅವಳು."

"ಇದೇನು ಮದುವೆ ಊಟವೇನೇ, ಕರೀಲಿ ಅಂತ ಕಾಯೋಕೆ?"

ನನ್ನ ಕಾಲೂ ಎಳೆಯುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಬಾಗಿಲು ಅವಳದು, ಆ ಕೋಣೆ ಅವಳದು, ಅಲ್ಲಿಯ ನರ್ಸುಗಳೆಲ್ಲ ಅವಳವರು. ನಾನು ಕೈ ಕಟ್ಟಿಕೊಂಡು ನಿಂತೆ. ಗಡಿಯಾರ ಅವಳ ಬೆನ್ನು ಮುಟ್ಟಿ, "ಸಿಸ್ಟರ್, ಹಿಂಬಾಲಿಸ್ತಿಲ್ಲ ಅಂತ ಡಾಕ್ಟ್ರಿಗೆ ಹೇಳ್ಲಾ? ಆಂಬುಲೆನ್ಸ್ ಗಾಡಿಯವನೂ ಬಂದಿದಾನೆ" ಅಂದದ್ದು ತೆರೆದ ಬಾಗಿಲಿನಿಂದ ಕೇಳಿಸಿತು. ಸಣ್ಣ ಚಕ್ರದ ಮಂಚವೊಂದನ್ನು ಕಾರಿಡಾರಿನ ಗೋಡೆಗೆ ತಾಗಿಸಿ ನಿಲ್ಲಿಸಿದ್ದರು.

ಅವಳು ಎದ್ದಳು. ಹೊರಗೆ ಬಂದು ನನ್ನೆದುರು ನಿಂತಳು. ಬಿಚ್ಚಿದ ಕೂದಲು ಕತ್ತಿಗೆ ಅಂಟಿಕೊಂಡಿತ್ತು.

"ಒಳಗೆ ಬನ್ನಿ ಅಕ್ಕ."

"ನಾನ್ಯಾಕೆ?" ಅಂದೆ. ಹೇಗೋ ಬಾಯಿಗೆ ಬಂತು.

"ಯಾಕೆ ಅಂತ ನನ್ನ ಬಾಯಲ್ಲೇ ಹೇಳಿಸ್ಬೇಕಾ ನೀವು?"

ನಾನು ಒಳಗೆ ಹೋದೆ. ಕೈ ತೊಳೆಸಿದಳು, ಸ್ಟೂಲಿನ ಮೇಲೆ ಕೂರಿಸಿದಳು, ಹಣೆಗೆ ಬಿದ್ದಿದ್ದ ನನ್ನ ಕೂದಲನ್ನು ತಾನೇ ಹಿಂದಕ್ಕೆ ಸರಿಸಿದಳು. ಹೊಸದಾಗಿ ಬಂದ ತಾಯಂದಿರಿಗೆ ಹೇಳುವ ದನಿಯಲ್ಲೇ ಹೇಳಿದಳು: "ಮಾತಾಡ್ಬೇಡಿ. ಮುಟ್ಬೇಡಿ. ಮಾತಾಡಿದರೆ ಕಿವಿ ಕೇಳಿಸ್ಕೊಂಡು ಕಣ್ಣು ತಿರುಗುತ್ತೆ, ನಮಗೆ ಬೇಕಾಗಿರೋದು ಕಣ್ಣು. ಮುಖ ಎದುರಿಗೆ ತನ್ನಿ. ಹಾಗೇ ಕಿಟಕಿ ಕಡೆ ಸರಿಸಿ, ನಿಧಾನಕ್ಕೆ."

ನಾನು ಬಾಗಿ ಮುಖ ಹತ್ತಿರ ತಂದೆ. ಮಗುವಿನ ಬಾಯಿಂದ ಔಷಧಿಯ ವಾಸನೆ ಬರುತ್ತಿತ್ತು, ತುಟಿ ಸುಲಿದಿತ್ತು. ನಾನು ಮುಖ ಸರಿಸಿದೆ. ಏನೂ ಆಗಲಿಲ್ಲ. ಅಷ್ಟು ಜನರ ಎದುರು, ಅವಳ ಎದುರು, ನನಗೂ ಇಲ್ಲವೇ? ಮತ್ತೆ ನಡುವಿಗೆ ತಂದೆ. ಮತ್ತೆ ಕಿಟಕಿಯ ಕಡೆ ಹೊರಟೆ. ಆಗ ಆ ಗೋಲಿಗಳು ಕದಲಿದವು. ಕೆಸರಲ್ಲಿ ಹೂತ ಗಾಡಿಯ ಗಾಲಿ ಕದಲುತ್ತದಲ್ಲ, ಹಾಗೆ, ಇಷ್ಟಿಷ್ಟೇ, ನಿಂತು ನಿಂತು. ಆದರೆ ಬಂದವು. ನನ್ನ ಮುಖ ಕಿಟಕಿಯ ಚೌಕಟ್ಟಿನ ತನಕ ಹೋಯಿತು, ಅವೂ ಅಲ್ಲಿಯ ತನಕ ಬಂದವು.

"ಇನ್ನೊಂದು ಸಲ. ಈಗ ಬಾಗಿಲ ಕಡೆ" ಅಂತ ನನ್ನ ಬೆನ್ನ ಹಿಂದಿನಿಂದ ಅವಳ ದನಿ.

ಬಾಗಿಲ ಕಡೆಗೂ ಬಂದವು.

ಗಡಿಯಾರ ಕಾರಿಡಾರಿಗೆ ಓಡಿದಳು. "ಡಾಕ್ಟ್ರೇ, ತಾಯಿ ಮುಖ ಹಿಂಬಾಲಿಸ್ತು!" ಅಭ್ಯಾಸಬಲ, ದಿನವೂ ಹಾಗೇ ಕೂಗಿ ಕೂಗಿ ಬಾಯಿಗೆ ಕೂತಿದ್ದ ಮಾತು.

"ತಾಯಿ ಮುಖ ಅಲ್ಲ" ಅಂದಳು ನನ್ನ ವಾರಗಿತ್ತಿ. ಇಡೀ ವಾರ್ಡಿಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು. "ನಮ್ಮಕ್ಕನ ಮುಖ."

"ಯಾರ ಮುಖವಾದ್ರೇನಮ್ಮ, ಹಿಂಬಾಲಿಸ್ತಲ್ಲ!" ಡಾಕ್ಟರು ಬಂದು ತಾವೂ ಒಂದು ಸಲ ನೋಡಿದರು. ಕಣ್ಣಿಗೆ ದೀಪ ಹಿಡಿದರು, ಅಂಗಾಲು ಗೀರಿದರು. "ಗಾಡಿ ಬೇಡ ಅಂತ ಹೇಳಿ. ಔಷಧಿ ಹಿಡೀತಾ ಇರಬಹುದು, ಕಾದು ನೋಡೋಣ."

ಹೊರಗೆ ಅತ್ತೆ ಅಳುತ್ತಿದ್ದರು, ಮೈದುನ ತನ್ನ ಅಣ್ಣನ ಭುಜದ ಮೇಲೆ ತಲೆಯಿಟ್ಟಿದ್ದ. ನನಗೆ ಮಗು ಉಳಿಯಿತು ಅನ್ನುವ ಸಂತೋಷ ಎಷ್ಟಿತ್ತೋ, ಅದರ ಪಕ್ಕದಲ್ಲೇ ಇನ್ನೊಂದು ಸಂತೋಷವೂ ಕೂತಿತ್ತು. ಅದರ ಹೆಸರು ಹೇಳಬೇಕಾಗಿಲ್ಲ.

ಅಂದಿನಿಂದ ಸ್ಟೂಲಿನ ಮೇಲೆ ನಾನು. ಗಡಿಯಾರ ಬರುವಳು, ಕರೆಯುವಳು, ಒತ್ತುವಳು, ನಾನು ಮುಖ ಸರಿಸುವೆ. ವಾರಗಿತ್ತಿ ಮಂಚದ ಕಾಲ ಬಳಿ ನಿಂತು ನೋಡುವಳು. ಕೈಯನ್ನು ಎಲ್ಲಿಡಬೇಕೋ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಹೊದಿಕೆಯ ಅಂಚನ್ನು ಮಡಿಸುವುದು, ಬಿಚ್ಚುವುದು. ಕಣ್ಣು ನನ್ನ ಮುಖದ ಹಿಂದೆ ದಿನದಿಂದ ದಿನಕ್ಕೆ ಚುರುಕಾಗಿ ಓಡತೊಡಗಿತು. ಒಂದು ಬೆಳಿಗ್ಗೆ ಗಡಿಯಾರ ಗೆಣ್ಣು ಒತ್ತಿದ್ದೇ ತಡ, ಮಗು ಅವಳ ಕೈಯನ್ನು ರಪ್ಪನೆ ಹೊಡೆದು "ಹೋಗು!" ಅಂದಿತು. ಆಚೆ ಮಂಚದ ತಾಯಂದಿರೂ ಚಪ್ಪಾಳೆ ತಟ್ಟಿದರು. ಮೈದುನ ಗಾಜಿನ ಹೊರಗಿಂದ, "ಅಪ್ಪನ ಮಗಳು, ಪಾಸಾದಳು!" ಅಂತ ಕುಣಿದ.

ಆ ದಿನವೇ ಕಾರಿಡಾರಿನಲ್ಲಿ ನೀರಿನ ನಲ್ಲಿಯ ಹತ್ತಿರ ಅವಳು ನನ್ನನ್ನು ನಿಲ್ಲಿಸಿದಳು.

"ಅಕ್ಕ, ಆವತ್ತು ನೀವು ಮುಖ ಸರಿಸಿದಾಗ ನಾನು ಏನು ಅಂದ್ಕೊಂಡೆ ಗೊತ್ತಾ? ಇವರಿಗೂ ತಿರುಗದೇ ಇರಲಿ ಅಂತ. ಒಂದು ಗಳಿಗೆ. ತಿರುಗದೇ ಇದ್ದರೆ ಏನಾಗುತ್ತೆ ಅಂತ ಆ ಕೋಣೇಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅಂದ್ಕೊಂಡೆ. ಹೆತ್ತೋಳು ನಾನು."

"ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾರೇನೇ? ನೀರು ಕುಡಿ" ಅಂದೆ.

ಲೋಟ ತುಂಬಿಸಿ ಕೊಟ್ಟೆ, ಕುಡಿದಳು. ಅಂಥ ಮಾತನ್ನು ಒಬ್ಬರ ಮುಖ ನೋಡಿ ಹೇಳುವುದಕ್ಕೆ ಎಷ್ಟು ಗುಂಡಿಗೆ ಬೇಕು! ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಮಗು ಮನೆಗೆ ಬಂತು. ಒಂದು ಕಿವಿ ಸ್ವಲ್ಪ ಮಂದ ಆಯಿತು, ಬಾಯಿ ಮಾತ್ರ ಮೊದಲಿನ ಹಾಗೇ. ಅವಳು ಮತ್ತೆ ಕೆಲಸಕ್ಕೆ ಹೋದಳು. ಹೋದ ಮೇಲೆ ವಾರ್ಡಿನಲ್ಲಿ ಒಂದು ಹೊಸ ಪದ್ಧತಿ ಶುರುಮಾಡಿದಳು. ಡಾಕ್ಟರೂ ಒಪ್ಪಿದರು. ಯಾವ ಮಗು ಬಂದರೂ ಮೊದಲ ಪ್ರಶ್ನೆ: "ಮಗು ಯಾರ ಪಕ್ಕ ಮಲಗುತ್ತೆ?" ಅವರನ್ನೇ ಸ್ಟೂಲಿನ ಮೇಲೆ ಕೂರಿಸುವುದು, ಅಜ್ಜಿಯಾಗಲಿ, ಅಪ್ಪನಾಗಲಿ, ಕೆಲಸದವಳಾಗಲಿ. ನಿವೃತ್ತಿಯಾಗುವ ತನಕ ಕೇಳಿದಳು. ಆ ಪ್ರಶ್ನೆಗೆ ಎಷ್ಟೋ ತಾಯಂದಿರು ಅವಳನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದರಂತೆ. "ನೋಡಲಿ ಬಿಡಿ, ಆ ನೋಟ ನನಗೆ ಚೆನ್ನಾಗಿ ಪರಿಚಯ" ಅನ್ನುತ್ತಿದ್ದಳು.

ಆದರೆ ನಮ್ಮ ಮನೆಯಲ್ಲಿ ಅವಳು ಆ ಪ್ರಶ್ನೆಯ ಉತ್ತರವನ್ನು ಹಾಗೇ ಇರಲು ಬಿಡಲಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ ನರ್ಸುಗಳಿಗೆ ಕೊಡುವ ಎರಡು ಕೋಣೆಯ ಮನೆಗೆ ಅರ್ಜಿ ಹಾಕಿದಳು. ಆ ವರ್ಷವೇ ಸಿಕ್ಕಿತು. ಮಗುವನ್ನು ನೋಡಿಕೊಳ್ಳಲು ಪಕ್ಕದಲ್ಲೇ ನರ್ಸುಗಳ ಮಕ್ಕಳ ಕೂಸಿನ ಮನೆ, ಮಧ್ಯೆ ಮಧ್ಯೆ ತಾನೇ ಹೋಗಿ ನೋಡಿ ಬರಬಹುದು. ಯಾರೂ ತಪ್ಪು ಹೇಳುವ ಹಾಗಿರಲಿಲ್ಲ. ಅತ್ತೆಯೂ "ಒಳ್ಳೇದೇ ಆಯ್ತು" ಅಂದರು. ನಾನೂ ಅಂದೆ.

ಹೊರಡುವ ಮುಂಚೆ ಮಗುವಿನ ಬಟ್ಟೆ ಮಡಿಸುತ್ತಾ ನನ್ನ ಹತ್ತಿರ ಕೂತು ಎಲ್ಲ ಕೇಳಿಕೊಂಡಳು. ಹಾಲು ಎಷ್ಟು ಬಿಸಿ ಇರಬೇಕು, ಅನ್ನ ಎಷ್ಟು ಮೆತ್ತಗೆ, ತಲೆಗೆ ನೀರು ಹಾಕುವಾಗ ಏನು ಹೇಳಿ ಮರೆಸಬೇಕು, ಯಾವ ಮಗ್ಗುಲಿಗೆ ಮಲಗಿಸಬೇಕು. ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ ಕೇಳಿದಳು. ನಾನು ಎಲ್ಲ ಹೇಳಿದೆ. ಒಂದು ಮಾತ್ರ ಹೇಳಲಿಲ್ಲ. ಆ ಮಗುವಿಗೆ ನಿದ್ದೆ ಹತ್ತಬೇಕಾದರೆ ಹೆಬ್ಬೆರಳಿನಿಂದ ಹುಬ್ಬನ್ನು ಮೂಗಿನ ಕಡೆಯಿಂದ ಹೊರಗೆ ಸವರುತ್ತಾ ಇರಬೇಕು, ಎಡಹುಬ್ಬು ಒಂದನ್ನೇ. ಬಲಹುಬ್ಬು ಮುಟ್ಟಿದರೆ ಎದ್ದು ಕೂರುತ್ತದೆ.

ಅವರು ಹೋದರು. ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದಳು. ಅವಳ ಕಣ್ಣ ಕೆಳಗೆಲ್ಲ ಕಪ್ಪು. ಮಗುವಿಗೂ ನಿದ್ದೆಯಿಲ್ಲದೆ ಮೂಗೆಲ್ಲ ಕೆಂಪು. ನನ್ನನ್ನು ಕಂಡದ್ದೇ ನನ್ನ ಮೈಮೇಲೆ ಬಿತ್ತು.

"ಇನ್ನೇನೋ ಒಂದಿದೆ ಅಕ್ಕ. ನೀವು ಹೇಳಿಲ್ಲ."

"ಇಲ್ಲಮ್ಮ, ಎಲ್ಲ ಹೇಳಿದೀನಿ."

ಅವಳು ನನ್ನನ್ನು ನೋಡಿದಳು. ಮಂಚದ ಪಕ್ಕ ನಿಂತು ಮಗುವಿನ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ಕಾಯುವ ನೋಟ ಅದು. ನಾನು ಕಿಟಕಿಯ ಕಡೆ ತಿರುಗಿದೆ.

"ಇರಲಿ ಬಿಡಿ" ಅಂದಳು. "ಅದೊಂದು ನಿಮ್ಮ ಹತ್ತಿರವೇ ಇರಲಿ. ರಜೆ ದಿನ ಕರ್ಕೊಂಡು ಬರ್ತೀನಿ, ನೀವೇ ಮಲಗಿಸಿ." ಹೇಳಿ, ನನ್ನ ಚಾಪೆಯ ಮೇಲೆ ಉರುಳಿ, ಕಣ್ಣು ಮುಚ್ಚುವಷ್ಟರಲ್ಲಿ ನಿದ್ದೆಹೋದಳು.

ನನಗೆ ಎಂಥ ಸಿಟ್ಟು ಬಂತು ಅಂದರೆ! ಅಷ್ಟು ಹುಷಾರಾಗಿ ಬಚ್ಚಿಟ್ಟುಕೊಂಡಿದ್ದನ್ನೂ ತಾನೇ ನನಗೆ ಕೊಟ್ಟ ಹಾಗೆ ಮಾಡಿಬಿಟ್ಟಳಲ್ಲ!